ಸೋಮವಾರದ ರಕ್ತ

ಇಂದುಮತಿಗೆ ಆ ವರ್ಷ ಡೆಂಗಿ ಬಾರದೆ ಹೋಗಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಇನ್ನೆರಡು ವರ್ಷ ಅವಳು ಸೋಮವಾರ ಸೋಮವಾರ ತೋಳು ಚಾಚಿ ರಕ್ತ ಕೊಟ್ಟು, ನಿವೃತ್ತಿಯ ದಿನ ಹಾರ ಹಾಕಿಸಿಕೊಂಡು, ಎಲ್ಲವೂ ಸರಿಯಾಗಿದೆ ಎಂದುಕೊಂಡೇ ಮನೆಗೆ ಹೋಗುತ್ತಿದ್ದಳು. ತಪ್ಪು ಮಾತ್ರ ಯಾರ ಕಣ್ಣಿಗೂ ಬೀಳದೆ ತನ್ನ ಪಾಡಿಗೆ ತಾನು ಬೆಳೆಯುತ್ತಿತ್ತು.

ಮೈಸೂರಿನ ಒಂದು ಜೀವಕೋಶ ಸಂಶೋಧನಾ ಕೇಂದ್ರದಲ್ಲಿ ಇಂದುಮತಿ ಇಪ್ಪತ್ತಾರು ವರ್ಷದಿಂದ ಟೆಕ್ನೀಷಿಯನ್. ಕೆಲಸ, ವರ್ಣತಂತುಗಳನ್ನು ಎಣಿಸುವುದು. ಯಾರದಾದರೂ ರಕ್ತ ಬಂದರೆ ಅದನ್ನು ಪೋಷಕ ದ್ರವಕ್ಕೆ ಹಾಕಿ, ಮೂರು ದಿನ ಮೈಬಿಸಿಯಷ್ಟು ಬೆಚ್ಚಗಿಟ್ಟು, ಕೋಶಗಳು ಒಡೆದು ಎರಡಾಗುವ ಹೊತ್ತಿಗೆ ಅಲ್ಲೇ ಹಿಡಿದು ನಿಲ್ಲಿಸಿ, ಸ್ಲೈಡಿನ ಮೇಲೆ ಹನಿ ಬೀಳಿಸಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ಎಣಿಸಬೇಕು. ಇರಬೇಕಾದದ್ದು ನಲವತ್ತಾರು. ನೂರು ಕೋಶ ಎಣಿಸಿದರೆ ಹೆಚ್ಚುಕಡಿಮೆ ನೂರರಲ್ಲೂ ನಲವತ್ತಾರು ಬರಬೇಕು.

ಇಂಥ ಕಡೆಯಲ್ಲೆಲ್ಲ ರೋಗಿಯ ರಕ್ತದ ಜೊತೆಗೆ ಆರೋಗ್ಯವಾಗಿರುವ ಒಬ್ಬರ ರಕ್ತವನ್ನೂ ಬೆಳೆಸುತ್ತಾರೆ. ಅದಕ್ಕೆ ಕಂಟ್ರೋಲ್ ಎಂದು ಹೆಸರು. ಅದು ಸರಿಯಾಗಿ ಬಂದರೆ ದ್ರವ ಸರಿಯಿದೆ, ಬಿಸಿ ಸರಿಯಿದೆ, ಮಾಡಿದವರ ಕೈ ಸರಿಯಿದೆ ಎಂದರ್ಥ. ಆರೋಗ್ಯವಾಗಿರುವವರನ್ನು ಬೀದಿಯಲ್ಲಿ ಹಿಡಿದು ತರಲಾಗುವುದಿಲ್ಲವಲ್ಲ, ಹಾಗಾಗಿ ಪ್ರಯೋಗಾಲಯದವರೇ ಕೊಡುವುದು ರೂಢಿ. ಪ್ರತಿ ವಾರ ಬೇರೆ ಬೇರೆಯವರು ಕೊಡಬೇಕೆಂದು ನಿಯಮ ಬರೆದು ಗೋಡೆಗೆ ಅಂಟಿಸಿದ್ದರು. ನಿಯಮ ಗೋಡೆಯ ಮೇಲೆ ಆರಾಮವಾಗಿತ್ತು, ರಕ್ತ ಕೊಡುವವಳು ಮಾತ್ರ ಇಂದುಮತಿ. ಒಬ್ಬರಿಗೆ ಸೋಮವಾರ ಉಪವಾಸ, ಇನ್ನೊಬ್ಬರಿಗೆ ಸೂಜಿ ಕಂಡರೆ ತಲೆಸುತ್ತು. ಆದರೆ ಇವೆಲ್ಲ ನೆಪ. ಅಸಲು ಸಂಗತಿ ಎಂದರೆ ಅವಳ ಸ್ಲೈಡುಗಳು ಚೆನ್ನಾಗಿ ಬರುತ್ತಿದ್ದವು. ಬೇರೆಯವರ ರಕ್ತದಲ್ಲಿ ಎಣಿಸಲು ತಕ್ಕ ಕೋಶಗಳನ್ನು ಹುಡುಕಿ ಹುಡುಕಿ ಕಣ್ಣು ನೋಯುತ್ತಿತ್ತು. ಅವಳದರಲ್ಲಿ ಕಣ್ಣು ಹಾಯಿಸಿದ ಕಡೆಯಲ್ಲೆಲ್ಲ ಸಿಗುತ್ತಿದ್ದವು, ಒಡೆಯುವ ಮುಂಚಿನ ಕ್ಷಣದಲ್ಲಿ ಅಚ್ಚುಕಟ್ಟಾಗಿ ನಿಂತಿರುತ್ತಿದ್ದವು. ಹೊರಗಿನಿಂದ ದೊಡ್ಡವರು ಬಂದಾಗ ತೋರಿಸುತ್ತಿದ್ದದ್ದು ಅವಳ ಸ್ಲೈಡನ್ನೇ. ಬೇರೆ ಹೆಂಗಸರಿಗೆ ಕೂದಲಿನ ಮೇಲೋ ಮೈಬಣ್ಣದ ಮೇಲೋ ಹೆಮ್ಮೆಯಿದ್ದರೆ ಇಂದುಮತಿಗೆ ವರ್ಣತಂತುಗಳ ಮೇಲೆ. ಪ್ರತಿ ಗುರುವಾರ ‘ಕಂಟ್ರೋಲ್ ನಾರ್ಮಲ್’ ಎಂದು ಬರೆದು ಸಹಿ ಹಾಕುವವಳೂ ಅವಳೇ.

ಇಷ್ಟು ಹೇಳಿದ ಮೇಲೆ ಒಂದು ಪ್ರೋಟೀನಿನ ವಿಷಯ ಹೇಳದಿದ್ದರೆ ಆಗುವುದಿಲ್ಲ. ಕೋಶ ಎರಡಾಗುವ ಮುಂಚೆ ತನ್ನ ವರ್ಣತಂತುಗಳನ್ನೆಲ್ಲ ಇಮ್ಮಡಿ ಮಾಡಿಕೊಂಡು ನಡುಮಧ್ಯೆ ಸಾಲಾಗಿ ನಿಲ್ಲಿಸುತ್ತದೆ. ಎರಡೂ ಬದಿಯಿಂದ ಎಳೆಗಳು ಬಂದು ಒಂದೊಂದನ್ನೂ ಹಿಡಿಯುತ್ತವೆ. ಎಲ್ಲವನ್ನೂ ಹಿಡಿದಾದ ಮೇಲೆ ಎಳೆತ ಶುರು, ಅರ್ಧ ಆ ಕಡೆ, ಅರ್ಧ ಈ ಕಡೆ. ಒಂದೇ ಒಂದಕ್ಕೆ ಎಳೆ ಸಿಕ್ಕಿರದಿದ್ದರೂ ಮ್ಯಾಡ್-2 ಎಂಬ ವಂಶವಾಹಿಯಿಂದ ಹುಟ್ಟುವ ಪ್ರೋಟೀನು ಇಡೀ ಕೋಶವನ್ನು ತಡೆದು ನಿಲ್ಲಿಸುತ್ತದೆ. ಹತ್ತುವವರೆಲ್ಲ ಹತ್ತುವ ತನಕ ಬಸ್ಸಿನ ಕಂಡಕ್ಟರು ‘ರೈಟ್’ ಹೇಳದ ಹಾಗೆ. ಹೆಸರು ಮ್ಯಾಡ್ ಆದರೂ ಮೈಯೊಳಗೆ ಅಷ್ಟು ಬುದ್ಧಿ ಇರುವ ಪ್ರೋಟೀನು ಇನ್ನೊಂದಿಲ್ಲ. ಅದು ಅವಸರಪಟ್ಟರೆ ಒಂದು ಕೋಶಕ್ಕೆ ನಲವತ್ತೇಳು, ಇನ್ನೊಂದಕ್ಕೆ ನಲವತ್ತೈದು. ಅಂಥ ಕೋಶಗಳಲ್ಲಿ ಬಹುಪಾಲು ಸತ್ತುಹೋಗುತ್ತವೆ. ಸಾಯದೆ ಉಳಿದವು ಏನಾಗುತ್ತವೆ ಎಂಬುದು ಕ್ಯಾನ್ಸರ್ ವಾರ್ಡಿನವರಿಗೆ ಚೆನ್ನಾಗಿ ಗೊತ್ತು.

ಕೇಂದ್ರದ ಮುಖ್ಯಸ್ಥೆ ಡಾಕ್ಟರ್ ಪದ್ಮಪ್ರಭಾ ಕಂಡುಹಿಡಿದದ್ದು ಈ ಕಂಡಕ್ಟರನ್ನು ಒಂದಿಷ್ಟು ಸಡಿಲಿಸುವ ಮುಲಾಮು. ಸಕ್ಕರೆ ಕಾಯಿಲೆಯವರ ಗಾಯದಲ್ಲಿ ಕೋಶಗಳು ಒಡೆಯಲು ಹೊರಟು, ತಡೆಗೆ ಸಿಕ್ಕಿ ನಿಂತು, ನಿಂತಲ್ಲೇ ಸಾಯುತ್ತವೆ, ಅದಕ್ಕೇ ಗಾಯ ಮಾಯುವುದಿಲ್ಲ ಎಂಬುದು ಅವರು ಕಂಡುಕೊಂಡ ಸಂಗತಿ. ತಡೆಯನ್ನು ಸಡಿಲಿಸಿದರೆ ಚರ್ಮ ಬೇಗ ಕೂಡುತ್ತದೆ. ಆದರೆ ಎಷ್ಟು ಸಡಿಲಿಸಬಹುದು? ಎಣಿಕೆ ತಪ್ಪದಷ್ಟು. ಅದನ್ನು ಗೊತ್ತು ಮಾಡಲು ಕಂಟ್ರೋಲ್ ಕೋಶಗಳಿಗೆ ಔಷಧಿಯನ್ನು ಹೆಚ್ಚಿಸುತ್ತ ಹೆಚ್ಚಿಸುತ್ತ ಹೋದರು. ನಲವತ್ತಾರು ನಲವತ್ತಾರಾಗಿಯೇ ಉಳಿದ ಕೊನೆಯ ಪ್ರಮಾಣವನ್ನು ಸುರಕ್ಷಿತ ಎಂದು ಬರೆದುಕೊಂಡರು. ಆಮೇಲೆ ಅರವತ್ತು ರೋಗಿಗಳಿಗೆ ಹಚ್ಚಿ ಮೂರು ತಿಂಗಳು ನೋಡಿದರು. ಎಲ್ಲರ ಗಾಯವೂ ಆರನೆಯ ದಿನಕ್ಕೆ ಮುಚ್ಚಿತು, ಬೇರೇನೂ ಆಗಲಿಲ್ಲ. ಜನ ಅದನ್ನು ಆರು ದಿನದ ಮುಲಾಮು ಎಂದೇ ಕರೆದರು.

ಇಂದುಮತಿಯ ಗಂಡ ಮಾದೇಶ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದು ನಿವೃತ್ತನಾದವನು. ಹದಿನೆಂಟು ವರ್ಷದಿಂದ ಸಕ್ಕರೆ ಕಾಯಿಲೆ. ಅವನ ಬಲಗಾಲಿನ ಹಿಮ್ಮಡಿಯಲ್ಲಿ ಆದ ಗಾಯ ಐದು ತಿಂಗಳಾದರೂ ಮಾಯಲಿಲ್ಲ. ಕೊನೆಗೆ ಸರ್ಜನ್ನು ಪಾದದ ಗಂಟಿನ ಮೇಲಕ್ಕೇ ಕಾಲು ತೆಗೆಯಬೇಕು, ತಡಮಾಡಬೇಡಿ ಎಂದುಬಿಟ್ಟರು. ಆ ದಿನ ಮಾದೇಶ ಮನೆಗೆ ಬಂದು ತನ್ನ ಎರಡು ಜೊತೆ ಬೂಟುಗಳಿಗೂ ಪಾಲಿಷ್ ಹಾಕಿ ಕಪಾಟಿನಲ್ಲಿಟ್ಟ. ಇಂದುಮತಿ ಅದನ್ನು ನೋಡಲಾರದೆ ಮರುದಿನವೇ ಪದ್ಮಪ್ರಭಾ ಅವರ ಹತ್ತಿರ ಹೋಗಿ ಅತ್ತು ಕೇಳಿ ಮುಲಾಮು ತಂದಳು. ಹಚ್ಚಿದವಳೂ ಅವಳೇ. ಆರನೆಯ ದಿನ ಬ್ಯಾಂಡೇಜು ಬಿಚ್ಚಿದಾಗ ಮಗುವಿನ ಕೆನ್ನೆಯಂಥ ಗುಲಾಬಿ ಬಣ್ಣದ ಚರ್ಮ ಕಂಡಿತು. ಅವಳು ಆ ಕಾಲನ್ನು ಬಂದ ನೆಂಟರಿಗೆಲ್ಲ ತೋರಿಸಿದಳು. ಅವನು ದೇವರಾಜ ಮಾರುಕಟ್ಟೆಗೆ ನಡೆದೇ ಹೋಗಿ, ತನಗೆ ಸಕ್ಕರೆ ಕಾಯಿಲೆ ಇರುವುದನ್ನೇ ಮರೆತವನ ಹಾಗೆ ಒಂದು ಚಿಪ್ಪು ರಸಬಾಳೆ ಹೊತ್ತು ತಂದು ಬೈಸಿಕೊಂಡ. ಇಬ್ಬರೂ ಅಷ್ಟು ಸಂತೋಷವಾಗಿದ್ದು ಎಷ್ಟೋ ವರ್ಷಗಳಾಗಿದ್ದವು.

ಇದಾಗಿ ಎಂಟು ತಿಂಗಳಿಗೆ ಅವಳಿಗೆ ಡೆಂಗಿ ಬಂತು. ಮೂರು ವಾರ ಮಲಗಿ ಎದ್ದವಳಿಗೆ ಮೂರು ತಿಂಗಳು ರಕ್ತ ಕೊಡಕೂಡದು ಎಂದು ವೈದ್ಯರು ತಾಕೀತು ಮಾಡಿದರು. ಅವಳಿಲ್ಲದೆ ನಿಂತಿದ್ದ ಎಣಿಕೆ ಮತ್ತೆ ಶುರುವಾದ ಸೋಮವಾರ ತೋಳು ಚಾಚಿದ್ದು ಹಾಸನದಿಂದ ವರ್ಗವಾಗಿ ಬಂದಿದ್ದ ಫಿಲೋಮಿನಾ. ಇಂದುಮತಿ ತಾನೇ ರಕ್ತ ತೆಗೆದು ಎರಡು ಕೊಳವೆಗೆ ಹಾಕಿದಳು. ಮುಲಾಮು ಹೊಸದಾಗಿ ತಯಾರಾದಾಗಲೆಲ್ಲ ಅದನ್ನು ಕಂಟ್ರೋಲ್ ಕೋಶಗಳ ಮೇಲೆ ಪರೀಕ್ಷಿಸಿಯೇ ಹೊರಗೆ ಕಳುಹಿಸುವುದು. ಹಾಗಾಗಿ ಒಂದು ಕೊಳವೆಗೆ ಔಷಧಿ, ಇನ್ನೊಂದು ಬರೀ ರಕ್ತ.

ಗುರುವಾರ ಎಣಿಸಲು ಕೂತಳು. ಬರೀ ರಕ್ತದ್ದು ಎಲ್ಲ ನಲವತ್ತಾರು. ಔಷಧಿಯ ಕೊಳವೆಯ ಮೊದಲ ಕೋಶ ನಲವತ್ತೇಳು. ಎರಡನೆಯದು ನಲವತ್ತನಾಲ್ಕು. ಮೂರನೆಯದು ನಲವತ್ತಾರು. ನಾಲ್ಕನೆಯದು ನಲವತ್ತೊಂಬತ್ತು. ಕನ್ನಡಕ ಒರೆಸಿಕೊಂಡು ಮತ್ತೆ ಎಣಿಸಿದಳು. ಐವತ್ತು ಕೋಶದಲ್ಲಿ ಹತ್ತೊಂಬತ್ತು ತಪ್ಪು. ಇಪ್ಪತ್ತಾರು ವರ್ಷದಲ್ಲಿ ಇಂಥದ್ದನ್ನು ಅವಳು ಗೆಡ್ಡೆಗಳಿಂದ ತೆಗೆದ ಕೋಶಗಳಲ್ಲಿ ಮಾತ್ರ ನೋಡಿದ್ದಳು.

ಪಕ್ಕದಲ್ಲಿ ನಿಂತಿದ್ದ ಫಿಲೋಮಿನಾಳ ಮುಖ ಬಿಳಿಚಿಕೊಂಡಿತು. “ಅಕ್ಕಾ, ನನ್ಗೇನಾದ್ರೂ ಕಾಯಿಲೆ ಇದ್ಯಾ?” ಎಂದು ಕೇಳಿದಳು. ಇಂದುಮತಿ ನಕ್ಕು, ಕಾಯಿಲೆಯೂ ಇಲ್ಲ ಏನೂ ಇಲ್ಲ, ಔಷಧಿ ಬೆರೆಸಿದವರು ಹೆಚ್ಚು ಹಾಕಿರಬೇಕು ಎಂದಳು. ಹಾಗೆಂದು ಅವಳು ಮನಸಾರೆ ನಂಬಿದ್ದಳು.

ಮುಂದಿನ ವಾರ, ಮುಂಚೆ ಪರೀಕ್ಷೆಯಲ್ಲಿ ಸರಿಬಂದಿದ್ದ ಹಳೆಯ ಮುಲಾಮನ್ನೇ ತೆಗೆದು, ಮೂವರ ರಕ್ತದಲ್ಲಿ ಪರೀಕ್ಷೆ ಮಾಡಿದರು. ಫಿಲೋಮಿನಾ, ಪದ್ಮಪ್ರಭಾ, ಜೀಪಿನ ಡ್ರೈವರ್ ಅನ್ವರ್. ಮೂವರದರಲ್ಲೂ ಅದೇ ಗತಿ. ಔಷಧಿಯಿಲ್ಲದ ಕೊಳವೆಯಲ್ಲಿ ನಲವತ್ತಾರು, ಔಷಧಿ ಬಿದ್ದ ಕೊಳವೆಯಲ್ಲಿ ಬಾಯಿಗೆ ಬಂದ ಸಂಖ್ಯೆ. ಮೂರನೆಯ ವಾರ ಕೂಡಿಟ್ಟಿದ್ದ, ಇಂದುಮತಿಯ ಡೆಂಗಿಗೆ ಮುಂಚಿನ ರಕ್ತದ ಕೋಶಗಳನ್ನು ಶೀತಪೆಟ್ಟಿಗೆಯಿಂದ ತೆಗೆದು, ಅದೇ ಔಷಧಿ ಹಾಕಿ, ಅದೇ ದ್ರವದಲ್ಲಿ, ಅದೇ ಬಿಸಿಯಲ್ಲಿ ಬೆಳೆಸಿದರು.

ಐವತ್ತಕ್ಕೆ ಐವತ್ತೂ ನಲವತ್ತಾರು. ಎಂದಿನಂತೆ ಅಚ್ಚುಕಟ್ಟು.

ಇಂದುಮತಿಗೆ ಮೊದಲು ಸಮಾಧಾನವೇ ಆಯಿತು, ನಾಚಿಕೆಗೇಡು ಎಂದರೂ ನಿಜ. ತನ್ನ ಕೋಶಗಳು ಮರ್ಯಾದೆ ಉಳಿಸಿದವು ಎನ್ನಿಸಿತು. ಆಮೇಲೆ ಸೂಕ್ಷ್ಮದರ್ಶಕದಿಂದ ತಲೆಯೆತ್ತಿ, ಮೂವರದು ತಪ್ಪು ಒಬ್ಬಳದು ಸರಿ ಎಂದರೆ ಏನು ಅರ್ಥ ಎಂದು ಯೋಚಿಸಿದಳು. ‘ನಾರ್ಮಲ್’ ಎಂದು ಬರೆಯಲು ಎತ್ತಿಕೊಂಡ ಪೆನ್ನನ್ನು ಕೆಳಗಿಟ್ಟಳು.

ಪದ್ಮಪ್ರಭಾ ಕೋಶಗಳನ್ನು ಕ್ಯಾಮೆರಾದ ಕೆಳಗಿಟ್ಟು, ನಡುವೆ ಸಾಲು ನಿಂತ ಮೇಲೆ ಎಷ್ಟು ಹೊತ್ತು ತಾಳುತ್ತವೆ ಎಂದು ಅಳೆದರು. ಫಿಲೋಮಿನಾಳದು ಇಪ್ಪತ್ತೆಂಟು ನಿಮಿಷ. ಅನ್ವರನದು ಇಪ್ಪತ್ತೈದು. ಪದ್ಮಪ್ರಭಾ ಅವರದು ಮೂವತ್ತು. ಇಂದುಮತಿಯದು ಒಂದು ಗಂಟೆ ಐವತ್ತು ನಿಮಿಷ. ವಂಶವಾಹಿಯನ್ನು ಓದಿಸಿದಾಗ ಕಾರಣವೂ ಸಿಕ್ಕಿತು. ಅವಳ ಮ್ಯಾಡ್-2ರಲ್ಲಿ ಒಂದೇ ಒಂದು ಅಕ್ಷರದಷ್ಟು ವ್ಯತ್ಯಾಸ. ಅದರಿಂದ ಅವಳ ಪ್ರೋಟೀನು ಒಮ್ಮೆ ಹಿಡಿದರೆ ಬಿಡದ ಜಾತಿಯದಾಗಿತ್ತು. ಅವಳ ಸ್ಲೈಡುಗಳಲ್ಲಿ ಅಷ್ಟೊಂದು ಕೋಶಗಳು ಒಡೆಯದೆ ನಿಂತು ಸಿಗುತ್ತಿದ್ದದ್ದೂ ಅದಕ್ಕೇ. ಎಲ್ಲರೂ ಚೆಂದ ಎಂದುಕೊಂಡಿದ್ದು ರೋಗವಲ್ಲದಿದ್ದರೂ ಸಾಮಾನ್ಯವಂತೂ ಅಲ್ಲ. ಬೇರೆಯವರಿಗಿಂತ ಎಷ್ಟೋ ಹೆಚ್ಚು ಹಾಕಿದರೂ ಜಗ್ಗದ ಕೋಶಗಳ ಮೇಲೆ ಅಳೆದು, ಅದನ್ನೇ ಊರಿಗೆಲ್ಲ ಹಚ್ಚಿದ್ದರು. ಅವಳಲ್ಲಿ ಕಂಡಕ್ಟರನ್ನು ಒಂದಿಷ್ಟು ಸಡಿಲಿಸುವ ಔಷಧಿ ಉಳಿದವರಲ್ಲಿ ಅವನನ್ನು ಬಸ್ಸಿನಿಂದಲೇ ಇಳಿಸಿಬಿಡುತ್ತಿತ್ತು.

“ತಪ್ಪು ನಂದು, ಇಂದುಮತಿ. ಗೋಡೆ ಮೇಲಿನ ನಿಯಮ ನಾನೇ ಬರೆಸಿದ್ದು, ಒಂದು ದಿನವೂ ಕೇಳಲಿಲ್ಲ,” ಎಂದರು ಪದ್ಮಪ್ರಭಾ. ಅವರು ಕೆಟ್ಟವರಲ್ಲ. ಅರ್ಧ ಗಂಟೆಯೊಳಗೆ ಮುಲಾಮನ್ನು ಎಲ್ಲ ಕಡೆಯಿಂದಲೂ ವಾಪಸು ತರಿಸಲು ಫೋನು ಮಾಡಿದರು. ಆಮೇಲೆ ಹಚ್ಚಿಸಿಕೊಂಡವರ ಪಟ್ಟಿ ತೆಗೆದರು. ಸಾವಿರದ ಮುನ್ನೂರ ಹನ್ನೊಂದು ಹೆಸರು. ಔಷಧಿ ಚರ್ಮಕ್ಕೆ ಮಾತ್ರ ಇಳಿಯುವುದರಿಂದ ರಕ್ತ ನೋಡಿ ಪ್ರಯೋಜನವಿಲ್ಲ. ಪ್ರತಿಯೊಬ್ಬರನ್ನೂ ಕರೆಸಿ, ಗಾಯ ಮಾಯ್ದ ಜಾಗದಿಂದ ಸಾಸಿವೆ ಕಾಳಿನಷ್ಟು ಚರ್ಮ ತೆಗೆದು ಎಣಿಸಬೇಕು. ತಪ್ಪು ಕೋಶಗಳೆಲ್ಲ ಆಗಲೇ ಸತ್ತುಹೋಗಿದ್ದರೆ ಬಚಾವು. ಒಂದು ಉಳಿದಿದ್ದರೂ ಅದು ಬೆಳೆಯುತ್ತಿರುತ್ತದೆ.

ಇಂದುಮತಿ ಪಟ್ಟಿಯನ್ನು ಮೇಲಿನಿಂದ ಓದುತ್ತ ಬಂದಳು. ಟಿ. ನರಸೀಪುರದ ಬಸ್ ಡ್ರೈವರ್, ಐವತ್ತೆರಡು ವರ್ಷ. ಕೊಳ್ಳೇಗಾಲದ ಶಾಲಾ ಟೀಚರ್, ನಲವತ್ತೇಳು. ಬಾಣಂತಿಯೊಬ್ಬಳು, ಹೊಟ್ಟೆಯ ಹೊಲಿಗೆ ಕೂಡಲಿಲ್ಲವೆಂದು ಹಚ್ಚಿದ್ದು, ಇಪ್ಪತ್ನಾಲ್ಕು. ಇವರೆಲ್ಲ ಈ ಹೊತ್ತಿನಲ್ಲಿ ಊಟ ಮಾಡುತ್ತಲೋ ಬಟ್ಟೆ ಒಣಗಿಸುತ್ತಲೋ, ಗಾಯ ಮಾಯಿತಲ್ಲ ದೇವರು ದೊಡ್ಡವನು ಎಂದುಕೊಂಡು ಇರುತ್ತಾರೆ. ಇನ್ನೂರ ಆರನೆಯ ಹೆಸರಿನಲ್ಲಿ ಅವಳ ಬೆರಳು ನಿಂತಿತು. ಪದ್ಮಪ್ರಭಾ ಅದನ್ನು ನೋಡಿದರು. ಸೋಮವಾರ ಮೊದಲು ಮಾದೇಶ ಅವರದೇ ತೆಗೆಯೋಣ, ಮನೆಯಲ್ಲಿ ಹೇಳಿ ಎಂದರು. ಹೇಳುತ್ತೇನೆ ಎಂದಳು.

ಹೇಳಲಿಲ್ಲ. ಶುಕ್ರವಾರ ಹೋಯಿತು, ಶನಿವಾರ ಹೋಯಿತು. ಅವಳಿಗೆ ಗಂಡನ ಕಾಲಿನ ಕಡೆ ನೋಡಲೇ ಭಯ. ಅವನು ಹಿತ್ತಲಿನ ನಲ್ಲಿಯ ವಾಷರ್ ಬದಲಿಸುತ್ತ ಕುಕ್ಕರುಗಾಲಿನಲ್ಲಿ ಕೂತರೆ ಇವಳು ಅಡುಗೆಮನೆಯ ಕಿಟಕಿ ಮುಚ್ಚಿದಳು. ಬೆನ್ನು ಉಜ್ಜು ಬಾ ಎಂದು ಬಚ್ಚಲಿನಿಂದ ಕರೆದಾಗ ಒಲೆಯ ಮೇಲೆ ಹಾಲಿದೆ ಎಂದು ಸುಳ್ಳು ಹೇಳಿದಳು. ತಟ್ಟೆಯಲ್ಲಿ ಅನ್ನ ಅರ್ಧಕ್ಕೇ ಬಿಟ್ಟು ಏಳುತ್ತಿದ್ದಳು. ಡೆಂಗಿಯ ನಿತ್ರಾಣ ಇನ್ನೂ ಹೋಗಿಲ್ಲ ಎಂದು ಅವನೇ ಎಳನೀರು ತಂದು ಕೊಚ್ಚಿ ಕೊಟ್ಟ. ಎಳನೀರು ಕುಡಿಯುತ್ತ ಅವಳಿಗೆ ತನ್ನ ಗಟ್ಟಿ ಕೋಶಗಳ ಮೇಲೆ ಅಸಹ್ಯ ಹುಟ್ಟಿತು. ಮೈಯಲ್ಲಿ ಲಕ್ಷಾಂತರ ಕೋಶಗಳು ಆ ಹೊತ್ತಿನಲ್ಲೂ ಒಂದೂವರೆ, ಎರಡು ಗಂಟೆ ನಿಂತು, ಒಂದನ್ನೂ ಬಿಡದೆ ಹಂಚಿಕೊಳ್ಳುತ್ತಿದ್ದವು. ಅವಳಿಗೆ ಏನೂ ಆಗುವುದಿಲ್ಲ. ಮೈಗೆಲ್ಲ ಮುಲಾಮು ಮೆತ್ತಿಕೊಂಡರೂ ಆಗುವುದಿಲ್ಲ.

ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಮಾದೇಶ ಜಗಲಿಯ ಕುರ್ಚಿಯಲ್ಲಿ ಪೇಪರು ಹಿಡಿದು ಕೂತಿದ್ದ. ಇಂದುಮತಿ ಅವನ ಎದುರಿಗೆ ನೆಲದ ಮೇಲೆ ಕೂತು, ಡೆಂಗಿಯಿಂದ ಹಿಡಿದು ಪಟ್ಟಿಯ ತನಕ ಎಲ್ಲವನ್ನೂ ಹೇಳಿದಳು. ಒಂದನ್ನೂ ಮುಚ್ಚಿಡಲಿಲ್ಲ, ತನ್ನ ಹೆಮ್ಮೆಯನ್ನೂ ಮುಚ್ಚಿಡಲಿಲ್ಲ. ಅವನು ನಡುವೆ ಬಾಯಿ ಹಾಕದೆ, ಪೇಪರನ್ನು ಮಡಚಿ ಮಡಚಿ ಅಂಗೈ ಅಗಲ ಮಾಡಿಕೊಂಡು ಕೇಳಿದ. ವರ್ಣತಂತು, ಪ್ರೋಟೀನು ಎಂದರೆ ಅವನಿಗೆ ಅಷ್ಟಕ್ಕಷ್ಟೆ. ಆದರೆ ಅಳತೆ ಎಂದರೆ ಮೂವತ್ತೈದು ವರ್ಷ ಅದರಲ್ಲೇ ಬದುಕಿದವನು.

“ನಮ್ಮ ವರ್ಕ್‌ಶಾಪಲ್ಲಿ ಮಾಸ್ಟರ್ ಗೇಜ್ ಅಂತ ಒಂದಿತ್ತು,” ಎಂದ. “ಮಿಕ್ಕಿದ್ನೆಲ್ಲ ಅದಕ್ಕೆ ಹಿಡಿದು ನೋಡೋದು. ಆ ಮಾಸ್ಟರ್‌ನೂ ವರ್ಷಕ್ಕೊಂದ್ಸಲ ಹೊರಗಡೆ ಕಳ್ಸಿ ಬೇರೆದಕ್ಕೆ ಹಿಡಿಸ್ತಿದ್ದೋ. ನಿನ್ನ ಯಾವುದಕ್ಕೆ ಹಿಡಿದು ನೋಡಿದ್ರು?”

“ಯಾವುದಕ್ಕೂ ಇಲ್ಲ.”

“ಮತ್ತೆ ನಾರ್ಮಲ್ ಅಂತ ಬರೆದೋರು ಯಾರು?”

“ನಾನೇ ಕಣ್ರೀ.”

ಅವನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿರುತ್ತಿತ್ತು ಎಂದು ಅವಳಿಗನ್ನಿಸಿತು. ನಾಳೆ ತನ್ನ ಜೊತೆ ಕೇಂದ್ರಕ್ಕೆ ಬರಬೇಕು, ಹಿಮ್ಮಡಿಯಿಂದ ಒಂಚೂರು ಚರ್ಮ ತೆಗೆಯುತ್ತಾರೆ, ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟೇ ತೆಗೆಯುತ್ತಾರೆ, ಮೂರೇ ದಿನದಲ್ಲಿ ಗೊತ್ತಾಗುತ್ತದೆ, ಏನೂ ಇರಲಾರದು, ಬಹಳ ಜನಕ್ಕೆ ಏನೂ ಇರುವುದಿಲ್ಲ ಎಂದು ಒಂದೇ ಉಸಿರಿಗೆ ಹೇಳಿದಳು. ಹೇಳುತ್ತಾ ಹೇಳುತ್ತಾ ಅವನ ಮುಖ ನೋಡಿದಳು. ಅವನು ಬೀದಿಯ ಕಡೆ ನೋಡುತ್ತಿದ್ದ.

“ಚರ್ಮ ತಾನೆ,” ಎಂದ. “ಬೇಕಾದಷ್ಟಿದೆ.”

ಅವಳಿಗೆ ಅರ್ಥವಾಗಲಿಲ್ಲ.

“ಎರಡು ತಿಂಗಳಾಯ್ತು ಕಣೆ, ಇಂದು. ಹಿಮ್ಮಡೀಲಿ ಗಂಟು ಥರ ಏಳ್ತಾ ಅದೆ. ಆಣಿ ಅಂದ್ಕೊಂಡು ಬ್ಲೇಡಲ್ಲಿ ಹೆರೆದು ಹಾಕ್ತಿದ್ದೆ. ಮೊದ್ಲು ವಾರಕ್ಕೊಂದ್ಸಲ ಹೆರೆದ್ರೆ ಸಾಕಿತ್ತು, ಈಗ ದಿನಾ ಹೆರೀಬೇಕು. ನೀನು ಬಂದೋರ್ಗೆಲ್ಲ ಈ ಕಾಲು ತೋರಿಸ್ಕೊಂಡು ಅಷ್ಟು ಖುಷಿಯಾಗಿದ್ದೆ. ಹೆಂಗೆ ಹೇಳ್ಲಿ?”

ನೋವಿಲ್ಲವೇ ಎಂದು ಕೇಳಿದಳು. ನೋವಿದ್ದಿದ್ದರೆ ಹೇಳುತ್ತಿದ್ದೆ, ಆ ಕಾಲಿನಲ್ಲಿ ಯಾವತ್ತು ಏನು ಗೊತ್ತಾಗುತ್ತದೆ ಎಂದ. ಮೂವತ್ತು ವರ್ಷ ಜೊತೆಗಿದ್ದ ಗಂಡ ಎರಡು ತಿಂಗಳು ಬಚ್ಚಲಿನ ಬಾಗಿಲು ಹಾಕಿಕೊಂಡು ಏನು ಹೆರೆಯುತ್ತಿದ್ದ ಎಂಬುದು ತನಗೆ ತಿಳಿಯಲಿಲ್ಲವಲ್ಲ, ಬೇರೆಯವರ ಕೋಶ ಎಣಿಸಿಕೊಂಡು ಕೂತಿದ್ದೆನಲ್ಲ ಎಂದುಕೊಂಡಳು.

ಮಾದೇಶ ಬಗ್ಗಿ, ಬಲಗಾಲಿನ ಕಾಲುಚೀಲ ಬಿಚ್ಚಿ, ಕಾಲನ್ನು ಅವಳ ಕಡೆ ಚಾಚಿದ.

“ಗಾಬ್ರಿ ಆಗ್ಬೇಡ. ಇವತ್ತು ಬೆಳಗ್ಗೆ ಏಳು ಗಂಟೆಗೆ ತಾನೆ ಪೂರ್ತಿ ಸಮ ಮಾಡಿದೀನಿ,” ಎಂದ. “ಈಗ ಏನೂ ಇರಲ್ಲ, ನೋಡು.”

ಇಂದುಮತಿ ಆ ಪಾದವನ್ನು ತೊಡೆಯ ಮೇಲೆ ಎಳೆದುಕೊಂಡು ತಿರುಗಿಸಿ ನೋಡಿದಳು. ಒಳಗೆ ಗೋಡೆ ಗಡಿಯಾರ ಒಂದೂವರೆ ಹೊಡೆಯಿತು. ಹಿಮ್ಮಡಿಯ ನಡುವೆ ಗುಲಾಬಿ ಬಣ್ಣದ ಹೊಸ ಚರ್ಮ ಆಗಲೇ ಅವರೆಕಾಳಿನಷ್ಟು ಎದ್ದಿತ್ತು.